ಜಗತ್ ಸರ್ಕಲ್ ಹತ್ರದ ಚಾಚಾ ಜ್ಯೂಸ್ ಅಂಗಡಿ: ಬಾಳಿಹಣ್ಣು, ರಬ್ಬರ್ ಗ್ಲೋವ್ಸ್ ಎರಡೂ ಆಗದವರಿಗೆ

ಸೂಪರ್ ಮಾರ್ಕೆಟ್ ಕಡಿಂದ ಜಗತ್ ಸರ್ಕಲ್‌ಗೆ ಬರೋ ದಾರ್ಯಾಗ ಒಂದು ಸಣ್ಣ ಜ್ಯೂಸ್ ಅಂಗಡಿ ಅದ, ಬೋರ್ಡ್ ಮ್ಯಾಲ ಫ್ರೆಶ್ ಜ್ಯೂಸ್ ಅಂತ ಬಿಟ್ರ ಬ್ಯಾರೆ ಹೆಸರೇ ಇಲ್ಲ, ಮಂದಿ ಎಲ್ಲಾ ಚಾಚಾ ಅಂಗಡಿ ಅಂತಾರ. ಹೋದ ವಾರ ಅಲ್ಲಿ ನಿಂತು ಒಂದು ಗ್ಲಾಸ್ ಮೋಸಂಬಿ ಜ್ಯೂಸ್ ಪೂರಾ ಕುಡದೀನಿ. ಇದ್ರಾಗೇನು ದೊಡ್ಡದು ಅಂತ ನಿಮಗ ಅನಿಸಬಹುದು, ಆದ್ರ ನಾನು ಹೊರಗಿನ ಜ್ಯೂಸ್ ಮುಟ್ಟಿ ಮೂರು ವರ್ಷ ಆಗಿತ್ತು, ಕಲಬುರಗಿ ಬಿಸಲಾಗ 42 ಡಿಗ್ರಿ ಇದ್ದಾಗೂ ಮನಿಂದ ಬಾಟ್ಲಿ ನೀರು ಒಯ್ದು ಅದನ್ನೇ ಕುಡಿತಿದ್ದೆ. ಯಾಕ ಅಂತ ಜರಾ ಉದ್ದಾಗೇ ಹೇಳಬೇಕಾಗ್ತದ, ಇಲ್ಲಂದ್ರ ಈ ಅಂಗಡಿ ಯಾಕ ಛಲೋ ಅದ ಅನ್ನೋದು ತಿಳಿಯಲ್ಲ.

ನಾನು ಸ್ಟಾಫ್ ನರ್ಸ್. 11 ವರ್ಷ ಆಯ್ತು ಗ್ಲೋವ್ಸ್ ಹಾಕ್ಕೋತ ಬಿಚ್ಕೋತ. ಮೊದ್ಲು ಕೈ ಕೆರೀತಿತ್ತು, ಮಣಿಕಟ್ಟಿನ ತನಕ ಕೆಂಪಗ ದದ್ದು ಏಳ್ತಿದ್ವು, ಸಾಬೂನು ಇರಬೇಕು ಸ್ಯಾನಿಟೈಜರ್ ಇರಬೇಕು ಅಂತ ಸುಮ್ನಿದ್ದೆ. ಆಮ್ಯಾಲ ಒಂದು ಶಿವರಾತ್ರಿ ಉಪಾಸದಾಗ ಎರಡು ಬಾಳಿಹಣ್ಣು ತಿಂದೆ, ಹತ್ತು ನಿಮಿಷದಾಗ ಗಂಟಲ ಒಳಗ, ಕಿವಿ ಒಳಗ ಕೆರತ, ನಾಲಗಿ ದಪ್ಪ ಆದಂಗ, ಹೊಟ್ಟಿ ಮ್ಯಾಲೆಲ್ಲ ಗಂಧಿ. ಮನ್ಯಾಗ ಎಲ್ಲರೂ ಪಿತ್ತ ಎದ್ದದ ಅಂದ್ರು, ಅತ್ತಿಯವರು ಕಂಬಳಿ ತಂದು ಮೈ ತಿಕ್ಕಿದ್ರು, ಎರಡು ತಾಸಿಗೆ ಇಳೀತು. ಖಾಲಿ ಹೊಟ್ಟಿಗೆ ಹಣ್ಣು ತಿಂದಿದ್ದಕ್ಕ ಹಿಂಗಾಯ್ತು ಅಂತ ನಾನೂ ನಂಬಿದೆ. ನರ್ಸ್ ಆಗಿ ನನಗೇ ಗೊತ್ತಾಗಲಿಲ್ಲ, ಕೈಗೆ ಹಾಕ್ಕೊಳ್ಳೋ ಗ್ಲೋವ್ಸಿಗೂ ಬಾಯಿಗೆ ಹಾಕ್ಕೊಳ್ಳೋ ಬಾಳಿಹಣ್ಣಿಗೂ ಒಂದೇ ಬೇರು ಅದ ಅಂತ.

ಮೂರು ವರ್ಷದ ಹಿಂದ ಆಗಿದ್ದು ಇನ್ನೂ ದೊಡ್ಡದು. ಊರಾಗಿನ ಬ್ಯಾರೆ ಒಂದು ಅಂಗಡಿ, ಹೆಸರು ಬ್ಯಾಡ. ಅಷ್ಟೊತ್ತಿಗೆ ಬಾಳಿಹಣ್ಣು ಬಿಟ್ಟಿದ್ದೆ, ಅದಕ್ಕ ಚಿಕ್ಕು ಶೇಕ್ ಹೇಳ್ದೆ, ಬಾಳಿಹಣ್ಣು ಹಾಕಬ್ಯಾಡ್ರಿ ಅಂತ ಎರಡು ಸಲ ಹೇಳೀನಿ. ಹುಡುಗ ಹೂಂ ಅಂದ. ಆದ್ರ ಹಿಂದಿನ ಗಿರಾಕಿಗೆ ಬನಾನಾ ಶೇಕ್ ಮಾಡಿದ ಅದೇ ಜಾರಿಗೆ ಜರಾ ನೀರು ಹಾಕಿ ಅಲುಗಾಡಿಸಿ ಚೆಲ್ಲಿ ಅದರಾಗೇ ಚಿಕ್ಕು ಹಾಕ್ದ, ಮತ್ತ ಆತನ ಕೈಗೆ ಪುಡಿ ಇರೋ ಬಿಳಿ ರಬ್ಬರ್ ಗ್ಲೋವ್ಸ್, ಕೊರೊನಾ ಆದಮ್ಯಾಲ ಸ್ವಚ್ಛ ಕಾಣ್ಲಿ ಅಂತ ಭಾಳ ಕಡೆ ಹಾಕ್ತಾರಲ್ಲ ಅಂಥವು. ನಾನು ನೋಡ್ಕೋತ ನಿಂತಿದ್ದೆ, ಗ್ಲೋವ್ಸ್ ಹಾಕ್ಯಾನ ಅಂತ ಖುಷಿನೇ ಆಗಿತ್ತು. ಅರ್ಧ ಗ್ಲಾಸ್ ಮುಗಿಯೋದ್ರೊಳಗ ತುಟಿ ಊದ್ತು, ದನಿ ಬದಲಾಯ್ತು, ಎದ್ಯಾಗ ಸುಂಯ್ ಸುಂಯ್ ಶುರು ಆಯ್ತು. ನಮ್ಮ ಮನಿಯವರು ಗಾಡಿ ಮ್ಯಾಲ ಕೂಡಿಸ್ಕೊಂಡು ಹತ್ರದ ಆಸ್ಪತ್ರಿ ಕ್ಯಾಜುಅಲ್ಟಿಗೆ ಒಯ್ದರು, ತೊಡಿ ಹೊರಬದಿ ಸ್ನಾಯುವಿಗೆ 0.5 ಮಿಲಿಗ್ರಾಂ ಅಡ್ರಿನಲಿನ್ ಕೊಟ್ಟಮ್ಯಾಲ ಉಸಿರು ಬಂತು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಉಸಿರಿಗೆ ತ್ರಾಸ ಆದ್ರ, ದನಿ ಕೂತ್ರ, ತಲಿ ತಿರುಗಿದ್ರ ಸೆಟ್ರಿಜಿನ್ ಗುಳಗಿ ನುಂಗಿ ಮನ್ಯಾಗ ಕೂಡಬ್ಯಾಡ್ರಿ, ಗುಳಗಿ ಕೆರತಕ್ಕ ಆಗ್ತದ, ಉಸಿರಿಗಲ್ಲ, ಮೊದಲ್ನೇ ಔಷಧ ಅಡ್ರಿನಲಿನ್ನೇ.

ಆಮ್ಯಾಲ ಹೈದರಾಬಾದಿಗೆ ಹೋಗಿ ಅಲರ್ಜಿ ಡಾಕ್ಟರಿಗೆ ತೋರಿಸಿದ್ವಿ. ಅವ್ರು ಫೋನಿನ್ಯಾಗೇ ಹೇಳಿದ್ರು, ಒಂದು ವಾರ ಮೊದ್ಲೇ ಅಲರ್ಜಿ ಗುಳಗಿ ಬಂದ್ ಮಾಡ್ರಿ, ಮತ್ತ ಹಣ್ಣು ನೀವೇ ತಗೊಂಡು ಬರ್ರಿ ಅಂತ. ಹಣ್ಣಿನ ಕೆಲವು ಪ್ರೋಟೀನ್ ಭಾಳ ನಾಜೂಕ್ ಇರ್ತಾವಂತ, ಕಂಪನಿ ತಯಾರಿಸಿದ ಬಾಟ್ಲಿ ದ್ರವದಾಗ ಉಳಿಯಲ್ಲ, ಅದಕ್ಕ ತಾಜಾ ಹಣ್ಣಿಗೆ ಸೂಜಿ ಚುಚ್ಚಿ ಅದೇ ಸೂಜಿ ಮುಂಗೈಗೆ ಚುಚ್ಚತಾರ. ನಾನು ಬಾಳಿಹಣ್ಣು, ಪಪ್ಪಾಯಿ, ಚಿಕ್ಕು, ಮೋಸಂಬಿ, ಮಾವಿನ್ಹಣ್ಣು ಒಂದೊಂದನ್ನ ಬ್ಯಾರೆ ಬ್ಯಾರೆ ಕವರಿನ್ಯಾಗ ಕಟ್ಕೊಂಡು ಟ್ರೇನ್ ಹತ್ತೀನಿ. ಮುಂಗೈ ಮ್ಯಾಲ ಪೆನ್ನಿಲೇ ಗೆರಿ ಹಾಕಿ, ಒಂದು ಕಡೆ ಗುಳ್ಳಿ ಏಳಲೇಬೇಕಾದ ಹಿಸ್ಟಮಿನ್, ಒಂದು ಕಡೆ ಏನೂ ಏಳಬಾರದ ಬರೇ ಸಲೈನ್ ಅಂದ್ರ ಉಪ್ಪುನೀರು, ನಡುವ ಎಲ್ಲಾ ಹಣ್ಣು, ಮತ್ತ ಲ್ಯಾಟೆಕ್ಸ್, ಅಂದ್ರ ಗ್ಲೋವ್ಸ್ ಮಾಡೋ ರಬ್ಬರ್ ಗಿಡದ ಹಾಲು. 15 ನಿಮಿಷ ಕೈ ಚಾಚಿ ಕೂತೆ, ಕೆರ್ಕೊಳ್ಳಂಗಿಲ್ಲ. ಸಲೈನ್‌ಗಿಂತ 3 ಮಿಲಿಮೀಟರ್ ದೊಡ್ಡ ಗುಳ್ಳಿ ಎದ್ರ ಪಾಸಿಟಿವ್ ಅಂತ ಲೆಕ್ಕ. ನನಗ ಲ್ಯಾಟೆಕ್ಸ್ 8, ಬಾಳಿಹಣ್ಣು 7, ಪಪ್ಪಾಯಿ 5 ಬಂತು. ಚಿಕ್ಕು, ಮೋಸಂಬಿ, ಮಾವಿಗೆ ಏನೂ ಏಳಲಿಲ್ಲ. ಚಿಕ್ಕು ಅಂದ್ರ ನನಗ ಅಂಜಿಕಿ ಇತ್ತು, ಯಾಕಂದ್ರ ಅದರ ಕಾಯಿ ಕಿತ್ರೂ ಬಿಳಿ ಹಾಲು ಬರ್ತದ ರಬ್ಬರ್ ಗಿಡದಂಗೇ, ಡಾಕ್ಟರ್ ಹೇಳಿದ್ರು ಹಾಲು ಬಂದ ಮಾತ್ರಕ್ಕ ಪ್ರೋಟೀನ್ ಒಂದೇ ಆಗಲ್ಲ, ಅದು ಬ್ಯಾರೆ ಲೆಕ್ಕ ಅಂತ. ಇದನ್ನ ಯಾರೂ ಮನ್ಯಾಗ ಸೂಜಿ ತಗೊಂಡು ಮಾಡ್ಲಾಕ ಹೋಗಬ್ಯಾಡ್ರಿ, ಟೆಸ್ಟಿನ್ಯಾಗೇ ರಿಯಾಕ್ಷನ್ ಆಗಬಹುದು, ಡಾಕ್ಟರ್ ಬಾಜೂಕ ಇಂಜೆಕ್ಷನ್ ಇಟ್ಕೊಂಡೇ ಮಾಡೋದು.

ಇದಕ್ಕ ಲ್ಯಾಟೆಕ್ಸ್ ಫ್ರೂಟ್ ಸಿಂಡ್ರೋಮ್ ಅಂತಾರ. 1994ರಾಗ ಸ್ಪೇನ್ ದೇಶದ ಡಾಕ್ಟರ್‌ಗಳು ಈ ನಂಟನ್ನ ಬಿಡಿಸಿ ಬರೆದರು. ರಬ್ಬರ್ ಗಿಡದ ಹಾಲಿನ್ಯಾಗ ಹೆವೀನ್ ಅಂತ ಒಂದು ಪುಟ್ಟ ಪ್ರೋಟೀನ್ ಇರ್ತದ, 43 ಅಮೈನೋ ಆಸಿಡ್ ಅಷ್ಟೇ ಅದರ ಉದ್ದ. ಬಾಳಿಹಣ್ಣು, ಬಟರ್ ಫ್ರೂಟ್, ಚೆಸ್ಟ್‌ನಟ್ ಇವುಗಳಾಗ ಚಿಟಿನೇಸ್ ಅನ್ನೋ ಪ್ರೋಟೀನ್ ಅದ, ಬೂಷ್ಟು (ಫಂಗಸ್) ಹತ್ತಿದ್ರ ಅದರ ಮ್ಯಾಲಿನ ಪದರ ಮುರಿಲಾಕ ಗಿಡ ತಾನೇ ಮಾಡ್ಕೊಳ್ಳೋ ಆಯುಧ ಅದು, ಆ ಚಿಟಿನೇಸಿನ ಒಂದು ತುದಿ ಹೆವೀನ್ ಇದ್ದಂಗೇ ಮಡಚಿರ್ತದ. ನಮ್ಮ ಮೈಯಾಗಿನ ಐಜಿಇ ಅನ್ನೋ ಪ್ರತಿಕಾಯ ಹೆವೀನ್ ಗುರುತು ಹಿಡಿದು ಕೂತಿರ್ತದ, ಬಾಳಿಹಣ್ಣಿಂದು ಬಂದ್ರೂ ಅದೇ ಬಂತು ಅಂತ ಹಿಡಕೋತದ. ಕೀಲಿ ಒಂದು ಮನಿಗೆ ಮಾಡಿಸಿದ್ದು, ಎದುರು ಮನಿ ಬಾಗಲಕ್ಕೂ ಹತ್ತಿದಂಗ. ಲ್ಯಾಟೆಕ್ಸ್ ಅಲರ್ಜಿ ಇದ್ದವರಾಗ ಸುಮಾರು 30ರಿಂದ 50 ಪರ್ಸೆಂಟ್ ಮಂದಿಗೆ ಯಾವುದಾರ ಒಂದು ಹಣ್ಣು ತರಕಾರಿ ಹಿಂಗ ತ್ರಾಸ ಕೊಡ್ತದ, ಬಾಳಿ, ಬಟರ್ ಫ್ರೂಟ್, ಕಿವಿ ಹಣ್ಣು, ಚೆಸ್ಟ್‌ನಟ್ ಮುಂದಿನ ಸಾಲಿನ್ಯಾಗ, ಪಪ್ಪಾಯಿ ಹಿಂದ. ಈ ಪ್ರೋಟೀನಿಗೆ ಹೆಸರು ಇಡೋ ಕ್ರಮನೂ ಸರಳ ಅದ, ಗಿಡದ ಲ್ಯಾಟಿನ್ ಹೆಸರಿನ ಮೊದಲ ಮೂರು, ಒಮ್ಮೊಮ್ಮೆ ನಾಲ್ಕು ಇಂಗ್ಲಿಷ್ ಅಕ್ಷರ, ಎರಡನೇ ಹೆಸರಿನ ಒಂದು ಅಕ್ಷರ, ಮುಂದ ನಂಬರ್. ರಬ್ಬರಿಂದು ಹೆವ್ ಬಿ 6, ಬಾಳಿಹಣ್ಣಿಂದು ಮುಸ್ ಎ 2, ಬಟರ್ ಫ್ರೂಟಿಂದು ಪರ್ಸ್ ಎ 1. ನನ್ನ ರಿಪೋರ್ಟಿನ್ಯಾಗ ಈ ಹೆಸರು ನೋಡಿದಾಗ ಏನೋ ಒಂಥರಾ ಸಮಾಧಾನ ಆಯ್ತು, ಇಷ್ಟು ದಿನ ಪಿತ್ತ, ಉಷ್ಣ, ಭ್ರಮಾ ಅಂದಿದ್ದಕ್ಕ ಈಗ ಒಂದು ಹೆಸರು, ಒಂದು ನಂಬರ್ ಸಿಕ್ಕಿತ್ತು.

ಈಗ ಚಾಚಾ ಅಂಗಡಿಗೆ ಬರ್ತೀನಿ. ಮೊದಲ್ನೇ ದಿನ ಹೋಗಿದ್ದು ನನಗಂತ ಅಲ್ಲ, ತಂಗಿ ಮಗಳಿಗೆ ಕಲ್ಲಂಗಡಿ ಜ್ಯೂಸ್ ಕೊಡಿಸಲಾಕ. ನಾನು ದೂರ ನಿಂತಿದ್ದೆ. ನೀವ್ಯಾಕ ಏನೂ ತಗೊಳಿಲ್ಲ ಅಕ್ಕಾ ಅಂತ ಅಂಗಡಿ ಮಾಲಕ ಚಾಚಾ ಕೇಳಿದ್ರು. ನನಗ ಬಾಳಿಹಣ್ಣು ಆಗಲ್ರಿ ಚಾಚಾ ಅಂದೆ. ಸಾಧಾರಣವಾಗಿ ಇಲ್ಲಿಗೆ ಎಲ್ಲರೂ ಒಂದು ಹಾಕಲ್ಲ ಬಿಡ್ರಿ ಅಂತಾರ, ಇಲ್ಲಾ ಜರಾ ತಿಂದ್ರ ಏನಾಗ್ತದ ಅಂತಾರ. ಇವ್ರು ಹಂಗನಲಿಲ್ಲ. ತಿಂದ್ರ ಆಗಲ್ಲೋ, ಹತ್ತಿದ್ರೂ ಆಗಲ್ಲೋ ಅಂತ ಕೇಳಿದ್ರು. ಇದೇ ಪ್ರಶ್ನೆ ನನಗ ಹೈದರಾಬಾದ್ ಡಾಕ್ಟರ್ ಬಿಟ್ರ ಇನ್ನ್ಯಾರೂ ಕೇಳಿದ್ದಿಲ್ಲ. ಹತ್ತಿದ್ರೂ ಆಗಲ್ಲ, ನಿಮ್ಮ ಹುಡುಗರು ಹಾಕ್ಕೊಂಡಿರೋ ಬಿಳಿ ಗ್ಲೋವ್ಸೂ ಆಗಲ್ಲ ಅಂದೆ. ಗ್ಲೋವ್ಸ್ ಅಂದ ಕೂಡ್ಲೇ ಅವ್ರು ಮುಖ ಎತ್ತಿ ನೋಡಿದ್ರು, ಇವತ್ತು ಬ್ಯಾಡ, ನಾಳೆ ಮುಂಜಾನಿ ಅಂಗಡಿ ತೆಗೆಯೋ ಹೊತ್ತಿಗೆ ಬರ್ರಿ, ಪುರ್ಸೊತ್ತಿನ್ಯಾಗ ಹೇಳ್ರಿ, ಹುಡುಗರೂ ಕೇಳ್ಲಿ ಅಂದ್ರು.

ಮರುದಿನ ಹೋದೆ. ಅವರಿಗೆ ನಾನು ಎರಡು ಮಾತು ಬಿಡಿಸಿ ಹೇಳೀನಿ. ಒಂದು, ಹಣ್ಣು ಬ್ಯಾರೆ ಆದ್ರೂ ಒಳಗಿನ ಪ್ರೋಟೀನ್ ಒಂದೇ ಥರ ಇರೋದ್ರಿಂದ ಆಗೋ ತ್ರಾಸ, ಇದಕ್ಕ ಅಂಗಡಿಯವ್ರು ಏನೂ ಮಾಡಂಗಿಲ್ಲ, ಯಾವ ಹಣ್ಣು ಬ್ಯಾಡ ಅಂತ ನಾನೇ ಹೇಳಬೇಕು. ಇನ್ನೊಂದು, ಚಾಕು, ಹಲಗಿ, ಜಾರ್, ಜರಡಿ, ಕೈ ಇವುಗಳಿಂದ ಒಂದು ಹಣ್ಣಿಂದು ಇನ್ನೊಂದಕ್ಕ ಹತ್ತೋದು, ಇದು ಪೂರಾ ಅಂಗಡಿಯವರ ಕೈಯಾಗಿರೋದು. ಗ್ಲೋವ್ಸ್ ಎರಡೂ ಕಡೆ ಬರ್ತದ. ಲ್ಯಾಟೆಕ್ಸ್ ಗ್ಲೋವ್ಸ್ ಹಾಕ್ಕೊಂಡು ಹಣ್ಣು ಹಿಡಿದ್ರ ರಬ್ಬರಿನ ಪ್ರೋಟೀನ್ ಹಣ್ಣಿಗೆ ಇಳೀತದ, ಪುಡಿ ಇದ್ರ ಆ ಪುಡಿಗೆ ಅಂಟಿ ಗಾಳ್ಯಾಗೂ ಹಾರ್ತದ. ಅಮೇರಿಕಾದ ಅರಿಜೋನಾ, ಒರೆಗಾನ್, ಕ್ಯಾಲಿಫೋರ್ನಿಯಾದಂಥ ರಾಜ್ಯಗಳಾಗ ಅಡುಗಿ ಮಾಡೋರು ಲ್ಯಾಟೆಕ್ಸ್ ಗ್ಲೋವ್ಸ್ ಹಾಕಬಾರ್ದು ಅಂತ ಕಾಯ್ದೆನೇ ಅದ, ಆಸ್ಪತ್ರಿಗಳಾಗ ಪುಡಿ ಇರೋ ಗ್ಲೋವ್ಸ್‌ನ ಆ ದೇಶ 2017ರಾಗ ಬಂದ್ ಮಾಡ್ತು. ಚಾಚಾ ಎಲ್ಲಾ ಕೇಳಿ, ಮತ್ತ ಏನು ಹಾಕ್ಕೋಬೇಕು ಅಂದ್ರು. ನೀಲಿ ಬಣ್ಣದ ನೈಟ್ರೈಲ್ ಗ್ಲೋವ್ಸ್ ಬರ್ತಾವ, ಮೆಡಿಕಲ್‌ನ್ಯಾಗ ಸಿಗ್ತಾವ, ಡಬ್ಬಿ ಮ್ಯಾಲ ಲ್ಯಾಟೆಕ್ಸ್ ಇಲ್ಲ ಅಂತ ಬರ್ದಿದ್ದು ನೋಡಿ ತಗೊಳ್ರಿ, ಬರೇ ನೀಲಿ ಬಣ್ಣ ನಂಬಬ್ಯಾಡ್ರಿ, ಇಲ್ಲಂದ್ರ ಸಾಬೂನಿಲೇ ತೊಳೆದ ಬರಿಗೈ ಆದ್ರೂ ನಡೀತದ ಅಂದೆ.

ಎರಡು ವಾರ ಬಿಟ್ಟು ಹೋದಾಗ ಕೌಂಟರ್ ಮ್ಯಾಲ ನೈಟ್ರೈಲ್ ಡಬ್ಬಿ ಇತ್ತು. ಬಾಳಿಹಣ್ಣಿನ ಗೊನಿ ಮೊದ್ಲು ಮೋಸಂಬಿ ಬುಟ್ಟಿ ಮ್ಯಾಲೇ ತೂಗ್ತಿತ್ತು, ಅದನ್ನ ಆ ಕಡಿ ಮೂಲಿಗೆ ಹಾಕ್ಯಾರ. ಹಳದಿ ಟೇಪ್ ಸುತ್ತಿದ ಒಂದು ಜಾರ್ ಬ್ಯಾರೆ ಇಟ್ಟಾರ, ಅದರಾಗ ಬಾಳಿಹಣ್ಣು, ಪಪ್ಪಾಯಿ ಹಾಕಂಗೇ ಇಲ್ಲ. ನನ್ನ ಮೋಸಂಬಿ ಮಾಡಬೇಕಾದ್ರ ಹುಡುಗ ಹಾಕ್ಕೊಂಡಿದ್ದ ಗ್ಲೋವ್ಸ್ ಬಿಚ್ಚಿ ಒಗದು, ಕೈ ತೊಳಕೊಂಡು, ಹೊಸವು ಹಾಕ್ಕೊಂಡ. ಹಲಗಿ ಮ್ಯಾಲ ಕೊಯ್ಯಲಿಲ್ಲ, ತೊಳದ ಸ್ಟೀಲ್ ತಾಟಿನ್ಯಾಗ ಇಟ್ಟು ಕೊಯ್ದ, ಯಾಕಂದ್ರ ಕಟ್ಟಿಗಿ ಹಲಗಿ ಗೆರಿಯಾಗ ಹಣ್ಣು ಕೂತಿರ್ತದಲ್ಲ. ಹಿಂಡೋ ಮಷಿನಿನ ಬಟ್ಟಲ, ಜರಡಿ ಎರಡೂ ಬಿಚ್ಚಿ ನಳದ ಕೆಳಗ ಹಿಡಿದು ಸಾಬೂನು ಹಚ್ಚಿ ತಿಕ್ಕಿ ತೊಳದ, ಜರಡಿ ಕಣ್ಣಿನ್ಯಾಗ ಸಿಕ್ಕಿದ್ದ ಒಂದು ಎಳಿ ಉಗುರಿಲೇ ತೆಗೆದು ಮತ್ತೊಮ್ಮೆ ತೊಳದ. ಎಂಟು ನಿಮಿಷ ಹಿಡೀತು. ಹಿಂದ ನಾಲ್ಕು ಮಂದಿ ನಿಂತಿದ್ರು, ಒಬ್ರು ಬೇಗ ಮಾಡಪ್ಪಾ ಅಂದ್ರು, ಚಾಚಾ ಅವರಿಗೆ ಇದು ದವಾಖಾನಿ ಕೇಸ್ ಅದ, ಜರಾ ತಡೀರಿ ಅಂದ್ರು, ಅವ್ರೂ ಸುಮ್ನಾದ್ರು. ಅದೇ ಮೋಸಂಬಿ 50 ರೂಪಾಯಿ, ಬ್ಯಾರೆಯವರಿಗೆ ಎಷ್ಟೋ ನನಗೂ ಅಷ್ಟೇ. ಗ್ಲೋವ್ಸಿನ ರೊಕ್ಕ ತಗೊಳ್ರಿ ಅಂದ್ರ ತಗೊಳಿಲ್ಲ.

ರುಚಿ ಬಗ್ಗೆನೂ ಹೇಳಬೇಕು. ಮೋಸಂಬಿ ಕಹಿ ಬರಲ್ಲ, ಬೀಜ ಒಡಿಯಂಗ ಹಿಂಡಲ್ಲ, ಸಕ್ರಿ ಕೇಳೇ ಹಾಕ್ತಾರ, ಕರಿ ಉಪ್ಪು ಜರಾ. ಚಿಕ್ಕು ಶೇಕ್ ಹಳದಿ ಜಾರಿನ್ಯಾಗ ಮಾಡಿಸ್ಕೊಂಡು ಕುಡದೀನಿ, ದಪ್ಪ ಅದ, ಐಸ್ ಹಾಕಿ ನೀರ್ ಮಾಡಲ್ಲ, 60 ರೂಪಾಯಿಗೆ ಹೊಟ್ಟಿ ತುಂಬ್ತದ. ದಾಳಿಂಬ್ರಿ ತುಟ್ಟಿ ಅನಿಸ್ತು. ಫ್ರೂಟ್ ಸಲಾಡ್ ಮಾತ್ರ ನನ್ನಂಥವ್ರು ಇಲ್ಲೂ ತಗೋಬ್ಯಾಡ್ರಿ, ಎಲ್ಲಾ ಹಣ್ಣು ಒಂದೇ ಡಬ್ಬಿ ಒಳಗ ಕೊಯ್ದು ಇಟ್ಟಿರ್ತಾರ, ಅದರಾಗ ಬಾಳಿ, ಪಪ್ಪಾಯಿ ಎರಡೂ ಇರ್ತಾವ, ಆರಿಸಿ ಕೊಡ್ತೀನಿ ಅಂದ್ರೂ ಬ್ಯಾಡ ಅನ್ರಿ. ಮ್ಯಾಲ ಹಾಕೋ ಗೋಡಂಬಿ, ಪಿಸ್ತಾ ಚೂರು ಒಂದೇ ಬಟ್ಟಲಾಗ ಅವ, ಗೋಡಂಬಿ ಆಗದವರಿಗೆ ಪಿಸ್ತಾನೂ ಭಾಳ ಸಲ ಆಗಲ್ಲ, ಎರಡೂ ಒಂದೇ ಕುಟುಂಬದ ಗಿಡ, ಪ್ರೋಟೀನೂ ಅಷ್ಟೇ ಹತ್ರ.

ಚಾಚಾ ಜೊತಿ ಮಾತಾಡ್ಕೋತ ಗಿರಾಕಿಗಳ ದೂರೂ ಕೇಳೀನಿ, ಎಲ್ಲರದೂ ಒಂದೇ ಅಲ್ಲ. ಅನಾನಸ್ ತಿಂದ್ರ ನಾಲಗಿ ಚುರುಚುರು ಅಂತದ, ಅಲರ್ಜಿ ಅದ ಅಂತ ಒಬ್ಬ ಹುಡುಗ ಹೇಳ್ತಿದ್ದ, ಅದು ಭಾಳ ಮಟ್ಟಿಗೆ ಅಲರ್ಜಿ ಅಲ್ಲ, ಅನಾನಸಿನ್ಯಾಗ ಬ್ರೋಮಲೇನ್ ಅನ್ನೋ ಪ್ರೋಟೀನ್ ಕರಗಿಸೋ ಕಿಣ್ವ ಅದ, ಸೂಜಿಯಂಥ ಹರಳೂ ಇರ್ತಾವ, ಎಲ್ಲರ ನಾಲಗಿಗೂ ಹಂಗೇ ಆಗ್ತದ. ನನ್ನ ತಂಗಿ ಮಗಳಿಗೆ ಖರಬೂಜ ತಿಂದ್ರ ತುಟಿ, ಅಂಗುಳ ಕೆರೀತದ, ಅರ್ಧ ತಾಸಿಗೆ ಹೋಗ್ತದ. ಅದು ಪರಾಗದಿಂದ ಬಂದಿರಬಹುದು ಅಂತ ಡಾಕ್ಟರ್ ಹೇಳ್ಯಾರ, ಗಿಡಗಳ ಪರಾಗದಾಗ, ಖರಬೂಜ, ಬಾಳಿಹಣ್ಣಿನ್ಯಾಗ ಪ್ರೊಫಿಲಿನ್ ಅನ್ನೋ ಪ್ರೋಟೀನ್ ಹೆಚ್ಚು ಕಮ್ಮಿ ಒಂದೇ ರೂಪದಾಗ ಇರ್ತದಂತ, ನಮ್ಮ ಊರ ಸುತ್ತ ಕಾಂಗ್ರೆಸ್ ಕಸ, ಜಾಲಿ ಎಷ್ಟು ಬೆಳದಾವ ನಿಮಗ ಗೊತ್ತೇ ಅದ. ಪ್ರೊಫಿಲಿನ್ ಹೊಟ್ಟಿ ಆಸಿಡ್ಡಿಗೆ ತಡಿಯಲ್ಲ, ಅದಕ್ಕ ಸಾಧಾರಣ ಬಾಯಿಗೇ ಮುಗೀತದ. ತಂಪು ದೇಶಗಳಾಗ ಬರ್ಚ್ ಗಿಡದ ಪರಾಗ ಆಗದವರಿಗೆ ಹಸಿ ಸೇಬು ತಿಂದ್ರ ಹಿಂಗೇ ಆಗ್ತದ, ಅದೇ ಸೇಬು ಬೇಯಿಸಿದ್ರ ಏನೂ ಆಗಲ್ಲ, ಬಿಸಿಗೆ ಆ ಪ್ರೋಟೀನಿನ ಮಡಿಕಿ ಬಿಚ್ಚಿ ಹೋಗ್ತದ. ಆದ್ರ ಎಲ್‌ಟಿಪಿ (ಲಿಪಿಡ್ ಟ್ರಾನ್ಸ್‌ಫರ್ ಪ್ರೋಟೀನ್) ಅಂತ ಇನ್ನೊಂದು ಜಾತಿ ಪ್ರೋಟೀನ್ ಅದ, ಪೀಚ್, ಸೇಬಿನ ಸಿಪ್ಪಿಯಾಗ ಹೆಚ್ಚು, ಅದು ಬೇಯಿಸಿದ್ರೂ, ಹೊಟ್ಯಾಗ ಹೋದ್ರೂ ಮುರಿಯಲ್ಲ, ಅದರ ರಿಯಾಕ್ಷನ್ ದೊಡ್ಡದೇ ಬರ್ತದ. ಅದಕ್ಕ ಬಾಯಿ ಕೆರದ್ರ ಏನಾಗಲ್ಲ ಅಂತ ತಾವೇ ತೀರ್ಮಾನ ಮಾಡಬಾರ್ದು, ಯಾವ ಪ್ರೋಟೀನ್ ಅನ್ನೋದು ತಿಳಿಬೇಕು.

ನಮ್ಮ ಅತ್ತಿಯವರಿಗೆ ಮಾತ್ರ ಬ್ಯಾರೆ ಕಥಿ, ಪ್ರತಿ ಮೇ ತಿಂಗಳದಾಗ ಮಾವಿನ್ಹಣ್ಣು ಚೀಪಿದ್ರ ಮರುದಿನಕ್ಕೋ ಅದರ ಮರುದಿನಕ್ಕೋ ತುಟಿ ಸುತ್ತ ಗುಳ್ಳಿ ಏಳ್ತಾವ. ಅದು ಪ್ರೋಟೀನಿಂದ ಅಲ್ಲ, ಮಾವಿನ ಸೊನಿ, ಸಿಪ್ಪಿಯಾಗಿರೋ ಎಣ್ಣಿಯಂಥ ರಸದ್ದು. ಅಗಸರು ಬಟ್ಟಿಗೆ ಗುರುತು ಹಾಕ್ತಿದ್ದ ಬಿಬ್ಬಾ ಕಾಯಿ, ಗೋಡಂಬಿ ಸಿಪ್ಪಿ, ಮಾವು ಮೂರೂ ಒಂದೇ ಕುಟುಂಬ, ಬಿಬ್ಬಾ ಹತ್ತಿದ್ರ ಮೈ ಸುಟ್ಟಂಗ ಆಗೋದೂ ಇದೇ ಥರದ ರಸಕ್ಕ. ಚಾಚಾಗೆ ಇದನ್ನ ಹೇಳಿದ ಮ್ಯಾಲ ಮಾವಿನ ಸಿಪ್ಪಿ ಪೂರಾ ತೆಗೆದು, ಹಣ್ಣು ತೊಳೆದು, ಚಮಚಾ ಹಾಕಿ ಅತ್ತಿಯವರಿಗೆ ಕೊಟ್ರು, ಆ ಸಲ ತುಟಿಗೆ ಏನೂ ಆಗಲಿಲ್ಲ.

ಬಾಳಿಹಣ್ಣಿನ ಬಗ್ಗೆ ಚಾಚಾ ಒಂದು ಪ್ರಶ್ನೆ ಕೇಳಿದ್ರು, ಮೊದ್ಲು ನಮ್ಮ ಅಪ್ಪನ ಕಾಲಕ್ಕ ಯಾರೂ ಹಿಂಗ ಅಂತಿದ್ದಿಲ್ಲ, ಈಗ ಹಣ್ಣು ಮಾಗಿಸೋ ಪುಡಿಯಿಂದ ಆಗ್ತದೇನು ಅಂತ. ಕಾರ್ಬೈಡ್ ಹಾಕಿ ಮಾಗಿಸೋದು ನಮ್ಮಲ್ಲಿ ಬಂದ್ ಅದ, ಎಥಿಲೀನ್ ಗ್ಯಾಸ್ 100 ಪಿಪಿಎಂ (ಹತ್ತು ಲಕ್ಷ ಪಾಲು ಗಾಳ್ಯಾಗ 100 ಪಾಲು) ತನಕ ನಡೀತದ. ಕಾರ್ಬೈಡ್ ವಿಷ ಬ್ಯಾರೆ, ನನ್ನ ಅಲರ್ಜಿ ಬ್ಯಾರೆ, ಮನಿ ಹಿತ್ತಲದ ಬಾಳಿಹಣ್ಣು ತಿಂದ್ರೂ ನನಗ ಆಗ್ತದ. ಆದ್ರ ಅವರ ಪ್ರಶ್ನೆ ಪೂರಾ ಸುಳ್ಳೂ ಅಲ್ಲ, ಎಥಿಲೀನ್ ಕೊಟ್ಟಾಗ ಬಾಳಿ, ಬಟರ್ ಫ್ರೂಟಿನ್ಯಾಗ ಆ ಚಿಟಿನೇಸ್ ಹೆಚ್ಚಾಗ್ತದ, ಬಿಸಿ ಮಾಡಿದ್ರ ಅದರ ಜೋರು ಕಮ್ಮಿ ಆಗ್ತದ ಅಂತ ತೋರಿಸ್ಯಾರ. ಅಂತ ನಾನು ಬಾಳಿಹಣ್ಣಿನ ಶೀರಾ ತಿನ್ನಲಾಕ ಹೋಗಿಲ್ಲ, ಡಾಕ್ಟರ್ ಬ್ಯಾಡ ಅಂದಾರ. ಇನ್ನ ಪ್ಯಾಕೆಟ್ ಸಾಮಾನಿನ ಲೇಬಲ್ ಓದೋರಿಗೆ ಒಂದು ಮಾತು, ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐದ 2020ರ ನಿಯಮದಾಗ ಹಾಲು, ತತ್ತಿ, ಮೀನ, ಶೇಂಗಾ, ಗೋಡಂಬಿಯಂಥ ಬೀಜ, ಸೋಯಾ, ಗೋಧಿಯಂಥವಕ್ಕ ಅಲರ್ಜಿ ಸೂಚನಾ ಬರೀಲೇಬೇಕು, ಹಣ್ಣು ಆ ಪಟ್ಟಿಯಾಗ ಇಲ್ಲ. ಅದಕ್ಕ ಚಾಚಾ ಅಂಗಡ್ಯಾಗಿನ ಮಿಕ್ಸ್ ಫ್ರೂಟ್ ಕ್ರಶ್ ಬಾಟ್ಲಿ ನಾನು ತಿರುವಿ ಸಣ್ಣ ಅಕ್ಷರ ಪೂರಾ ಓದೀನಿ, ಬಾಳಿಹಣ್ಣು ಇತ್ತು.

ಕೊರತಿ ಇಲ್ಲ ಅಂತಲ್ಲ. ಅಂಗಡಿ ಇಕ್ಕಟ್ಟದ, ಕೂಡ್ಲಾಕ ಎರಡೇ ಸ್ಟೂಲ್, ಗಾಡಿ ನಿಲ್ಲಿಸಲಾಕ ಜಾಗಾನೇ ಇಲ್ಲ. ಸಂಜಿ 6 ಆದಮ್ಯಾಲ ಗದ್ದಲ ಆಗ್ತದ, ರಂಜಾನ್ ತಿಂಗಳದಾಗಂತೂ ರೋಜಾ ಬಿಡೋ ಹೊತ್ತಿಗೆ ಹಣ್ಣು ಕೊಯ್ಯೋ ಕೈ ನಿಲ್ಲಲ್ಲ, ಆವಾಗ ಎಂಟು ನಿಮಿಷ ತೊಳಿರಿ ಅಂತ ಕೇಳೋದೂ ತಪ್ಪು, ಅವ್ರು ಮಾಡೋದೂ ಆಗಲ್ಲ. ಒಂದು ಸಲ ಹೊಸ ಹುಡುಗ ಹಳದಿ ಜಾರಿನ್ಯಾಗ ಪಪ್ಪಾಯಿ ಹಾಕಿದ್ದ, ಚಾಚಾ ನನ್ನ ನೋಡಿದ ಕೂಡ್ಲೇ ತಾವೇ ಹೇಳಿದ್ರು ಇವತ್ತು ನಿಮಗ ಕೊಡಲ್ಲ ಅಕ್ಕಾ, ಜಾರ್ ಕೆಟ್ಟದ ಅಂತ, ಎಳನೀರು ಕೊಟ್ಟು ಕಳಿಸಿದ್ರು. ಇದನ್ನ ನಾನು ಕೊರತಿ ಅಂತ ಬರೀಬೇಕೋ ಮೆಚ್ಚಿಗಿ ಅಂತ ಬರೀಬೇಕೋ ತಿಳೀಲಿಲ್ಲ, ಎರಡೂ ಅಂತ ಇಟ್ಕೊಳ್ರಿ. ಹೇಳದೆ ಕೊಟ್ಟಿದ್ರ ನನಗ ಗೊತ್ತಾಗ್ತಿದ್ದಿಲ್ಲ.

5ಕ್ಕ 4.5 ಕೊಡ್ತೀನಿ. ನಿಮಗ ಅಥವಾ ನಿಮ್ಮ ಮಕ್ಕಳಿಗೆ ಇಂಥ ತ್ರಾಸ ಇದ್ರ ಮೊದ್ಲು ಡಾಕ್ಟರ್ ಹತ್ರ ಟೆಸ್ಟ್ ಮಾಡಿಸ್ಕೊಂಡು ಯಾವ ಹಣ್ಣು, ಎಷ್ಟರ ಮಟ್ಟಿಗೆ ಅನ್ನೋದು ತಿಳಕೊಂಡು ಹೋಗ್ರಿ, ಡಾಕ್ಟರ್ ಬರ್ದು ಕೊಟ್ಟ ಇಂಜೆಕ್ಷನ್ ಇದ್ರ ಚೀಲದಾಗ ಇರ್ಲಿ. ಮುಂಜಾನಿ 10ರಿಂದ 12ರ ನಡುವ ಹೋದ್ರ ಜಾರ್ ಎಲ್ಲಾ ಆಗಷ್ಟೇ ತೊಳೆದಿಟ್ಟಿರ್ತಾರ. ಹಳದಿ ಜಾರ್ ಅಂತ ಹೇಳ್ರಿ, ಚಾಚಾಗೆ ತಿಳೀತದ.